ಆ ಚಾರ್ಟಿನಲ್ಲಿರುವುದು ಯಾವ ಬೆಲೆ?

ನನ್ನ ಸೋದರಮಾವ 1993ರಲ್ಲಿ ಇನ್ಫೊಸಿಸ್ ಷೇರಿಗೆ ಅರ್ಜಿ ಹಾಕಿದವರು. ಒಂದು ಷೇರಿಗೆ 95 ರೂಪಾಯಿ ಕಟ್ಟಿದ್ದು ಅವರಿಗೆ ಇನ್ನೂ ನಿನ್ನೆಯ ಮಾತಿನಂತೆ ನೆನಪಿದೆ. ಈಚೆಗೆ ಮನೆಗೆ ಬಂದಾಗ ನನ್ನ ಕಂಪ್ಯೂಟರಿನಲ್ಲಿ ಆ ಷೇರಿನ ಚಾರ್ಟನ್ನು ಹಿಂದಕ್ಕೆ ಎಳೆಯುತ್ತಾ ಮೊದಲ ವರ್ಷಗಳವರೆಗೆ ಹೋದರು. ಅಲ್ಲಿದ್ದ ಬೆಲೆ ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. "ಏನಪ್ಪಾ ಇದು? ನಾನು ಕೊಟ್ಟಿದ್ದು ರೂಪಾಯಿ. ಇಲ್ಲಿ ಪೈಸೆಯ ಲೆಕ್ಕ ಬರೆದಿದ್ದಾರಲ್ಲ?" ಎಂದರು.

ಮಾವ ಹೇಳಿದ್ದೂ ಸರಿ, ಚಾರ್ಟ್ ಹೇಳಿದ್ದೂ ಸರಿ. ಇನ್ಫೊಸಿಸ್ 1994, 1997 ಮತ್ತು 1999ರಲ್ಲಿ ಒಂದಕ್ಕೊಂದು ಬೋನಸ್ ಕೊಟ್ಟಿತು, ಅಂದರೆ ಇದ್ದ ಒಂದು ಷೇರಿನ ಜೊತೆಗೆ ಇನ್ನೊಂದು ಪುಕ್ಕಟೆ. 2000ದಲ್ಲಿ 10 ರೂಪಾಯಿ ಮುಖಬೆಲೆಯನ್ನು 5 ರೂಪಾಯಿಗೆ ಸೀಳಿತು, ಒಂದು ಷೇರು ಎರಡಾಯಿತು. 2004ರಲ್ಲಿ ಒಂದಕ್ಕೆ ಮೂರು ಬೋನಸ್. ಆಮೇಲೆ 2006, 2014, 2015 ಮತ್ತು 2018ರಲ್ಲಿ ಮತ್ತೆ ಒಂದಕ್ಕೊಂದು. ಒಂದೊಂದನ್ನೂ ಗುಣಿಸುತ್ತಾ ಬಂದರೆ ಅಂದಿನ ಒಂದು ಷೇರು ಇಂದಿನ 1,024 ಷೇರು. 95 ರೂಪಾಯಿಯನ್ನು 1,024ರಿಂದ ಭಾಗಿಸಿದರೆ ಒಂಬತ್ತು ಪೈಸೆಗಿಂತ ತುಸು ಹೆಚ್ಚು. ಚಾರ್ಟ್ ತಂತ್ರಾಂಶ ಹಳೆಯ ಬೆಲೆಗಳನ್ನೆಲ್ಲ ಹೀಗೆ ಭಾಗಿಸಿ ಇಟ್ಟಿರುತ್ತದೆ. ಹಾಗೆ ಮಾಡದಿದ್ದರೆ ಬೋನಸ್ ಬಂದ ಪ್ರತಿ ದಿನವೂ ಷೇರು ಅರ್ಧಕ್ಕೋ ಕಾಲು ಭಾಗಕ್ಕೋ ಕುಸಿದಂತೆ ಕಾಣುತ್ತಿತ್ತು.

ಮಾವನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ವರ್ಷಗಟ್ಟಲೆ ಚಾರ್ಟ್ ನೋಡಿದವರೂ ಆ ಪ್ರಶ್ನೆಯನ್ನು ಕೇಳುವುದಿಲ್ಲ. ತೆರೆಯ ಮೇಲೆ ಕಾಣುವುದು ಪೇಟೆಯಲ್ಲಿ ನಡೆದ ವಹಿವಾಟೇ ಎಂದು ನಂಬಿ, ಅದರ ಮೇಲೆ ಗೆರೆ ಎಳೆದು, ಹಣ ಹಾಕುತ್ತೇವೆ. ನಿಜದಲ್ಲಿ ಅದು ಯಾರೋ ತಂತ್ರಜ್ಞರು ತೆಗೆದುಕೊಂಡ ಹತ್ತಾರು ತೀರ್ಮಾನಗಳ ಫಲವಾಗಿ ಮೂಡಿದ ಚಿತ್ರ. ಆ ತೀರ್ಮಾನಗಳಲ್ಲಿ ಮುಖ್ಯವಾದವು ಯಾವುವು, ಅವುಗಳನ್ನು ಪರೀಕ್ಷಿಸುವುದು ಹೇಗೆ, ತಂತ್ರಾಂಶ ತಯಾರಕರನ್ನು ನಾವು ಏನು ಕೇಳಬೇಕು ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಹೊಂದಿಸಿದ ಬೆಲೆ, ಹೊಂದಿಸದ ಬೆಲೆ

ಬೋನಸ್ ಮತ್ತು ಮುಖಬೆಲೆ ಸೀಳಿಕೆಗೆ ಹಳೆಯ ಬೆಲೆಯನ್ನು ಹೊಂದಿಸುವುದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಅಲ್ಲಿಯೂ ಒಂದು ಹಳ್ಳವಿದೆ. ನಮ್ಮಲ್ಲಿ "3:1 ಬೋನಸ್" ಎಂದರೆ ಇರುವ ಒಂದು ಷೇರಿನ ಜೊತೆಗೆ ಹೊಸದಾಗಿ ಮೂರು, ಒಟ್ಟು ನಾಲ್ಕು. ಹಾಗಾಗಿ ಹಳೆಯ ಬೆಲೆಯನ್ನು ನಾಲ್ಕರಿಂದ ಭಾಗಿಸಬೇಕು. ಅಮೆರಿಕದಲ್ಲಿ "3:1" ಸೀಳಿಕೆ ಎಂದರೆ ಒಂದು ಹೋಗಿ ಮೂರಾಗುವುದು. ಅಲ್ಲಿ ಮೂರರಿಂದ ಭಾಗಿಸಬೇಕು. ಅಲ್ಲಿನ ಸೂತ್ರವನ್ನು ಇಲ್ಲಿನ ಬೋನಸ್‌ಗೆ ಹಚ್ಚಿದರೆ ಚಾರ್ಟಿನಲ್ಲಿ ಇಲ್ಲದ ಕುಸಿತವೊಂದು ಹುಟ್ಟುತ್ತದೆ. ಬೆಲೆಯನ್ನು ಭಾಗಿಸಿದಷ್ಟೇ ಪಟ್ಟು ಹಳೆಯ ವಹಿವಾಟಿನ ಪ್ರಮಾಣವನ್ನು ಗುಣಿಸಬೇಕು ಎಂಬುದೂ ಮರೆತುಹೋಗುವ ಸಂಗತಿ. ಬೋನಸ್ ನಂತರ ಒಮ್ಮೆಲೇ ಷೇರಿನ ವಹಿವಾಟು ಇಮ್ಮಡಿಯಾದಂತೆ ಕಂಡರೆ, ಜನ ಮುಗಿಬಿದ್ದಿದ್ದಾರೆ ಎಂದುಕೊಳ್ಳುವ ಮೊದಲು ಈ ಲೆಕ್ಕವನ್ನು ನೋಡಿ.

ಲಾಭಾಂಶದ ವಿಷಯದಲ್ಲಿ ಒಮ್ಮತವಿಲ್ಲ. 500 ರೂಪಾಯಿಯ ಷೇರು 20 ರೂಪಾಯಿ ಲಾಭಾಂಶ ಕೊಟ್ಟಿತು ಎನ್ನೋಣ. ಆ ದಿನ ಬೆಲೆ ಸುಮಾರು ಅಷ್ಟು ಇಳಿಯುವುದು ಸಹಜ. ಕೆಲವು ತಂತ್ರಾಂಶಗಳು ಹಿಂದಿನ ಎಲ್ಲ ಬೆಲೆಗಳನ್ನು 0.96ರಿಂದ ಗುಣಿಸಿ ಆ ಇಳಿತವನ್ನು ಅಳಿಸುತ್ತವೆ, ಕೆಲವು ಹಾಗೆಯೇ ಬಿಡುತ್ತವೆ. ಹತ್ತು ವರ್ಷದಲ್ಲಿ ಹೂಡಿಕೆಗೆ ಎಷ್ಟು ಪ್ರತಿಫಲ ಬಂತು ಎಂದು ತಿಳಿಯಬೇಕಾದವರಿಗೆ ಮೊದಲನೆಯದು ಬೇಕು. ಕಳೆದ ವರ್ಷ ಯಾವ ಮಟ್ಟದಲ್ಲಿ ಮಾರಾಟದ ಒತ್ತಡ ಬಂದಿತ್ತು ಎಂದು ನೋಡುವವರಿಗೆ ಎರಡನೆಯದು ಬೇಕು, ಏಕೆಂದರೆ ಜನರ ಮನಸ್ಸಿನಲ್ಲಿ, ಬ್ರೋಕರ್ ಕೊಡುವ ವಹಿವಾಟಿನ ಚೀಟಿಯಾದ ಕಾಂಟ್ರ್ಯಾಕ್ಟ್ ನೋಟ್‌ನಲ್ಲಿ ಇರುವುದು ಅಂದು ನಿಜವಾಗಿ ಕೊಟ್ಟ ಬೆಲೆ. ಸೂಚ್ಯಂಕಗಳಲ್ಲೂ ಇದೇ ಭೇದವಿದೆ. ನಾವು ದಿನವೂ ನೋಡುವ ನಿಫ್ಟಿಯಲ್ಲಿ ಲಾಭಾಂಶ ಸೇರಿಲ್ಲ. ಮ್ಯೂಚುವಲ್ ಫಂಡ್‌ಗಳು ಲಾಭಾಂಶ ಸೇರಿದ ಸೂಚ್ಯಂಕದ ಜೊತೆಗೇ ತಮ್ಮನ್ನು ಹೋಲಿಸಿಕೊಳ್ಳಬೇಕು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2018ರ ಫೆಬ್ರುವರಿಯಿಂದ ಕಡ್ಡಾಯ ಮಾಡಿತು.

ಕಂಪನಿಯೊಂದು ಹೋಳಾದಾಗ ವಿಷಯ ಇನ್ನೂ ತೊಡಕಾಗುತ್ತದೆ. 2023ರ ಜುಲೈ 19ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವಾದ ಎನ್‌ಎಸ್‌ಇಯಲ್ಲಿ ರಿಲಯನ್ಸ್ 2,841.85 ರೂಪಾಯಿಗೆ ಮುಗಿಯಿತು. ಮರುದಿನ ಜಿಯೊ ಫೈನಾನ್ಷಿಯಲ್ ಬೇರ್ಪಟ್ಟಿತು; ಬೆಳಗಿನ ವಿಶೇಷ ಅವಧಿಯಲ್ಲಿ ರಿಲಯನ್ಸ್‌ಗೆ 2,580 ರೂಪಾಯಿ ಬೆಲೆ ಗೊತ್ತಾಯಿತು. ನಡುವಿನ 261.85 ರೂಪಾಯಿಯೇ ಹೊಸ ಕಂಪನಿಯ ಷೇರಿನ ಬೆಲೆ. ಹೂಡಿಕೆದಾರ ಒಂದು ಪೈಸೆಯನ್ನೂ ಕಳೆದುಕೊಳ್ಳಲಿಲ್ಲ. ಆದರೆ ಹೊಂದಿಸದ ಚಾರ್ಟ್ ಆ ದಿನ ಶೇ 9ಕ್ಕಿಂತ ಹೆಚ್ಚಿನ ಕುಸಿತ ತೋರಿಸುತ್ತದೆ, 200 ದಿನಗಳ ಸರಾಸರಿಯನ್ನೂ ತಿಂಗಳುಗಟ್ಟಲೆ ಕೆಡಿಸುತ್ತದೆ. ನಿಮ್ಮ ತಂತ್ರಾಂಶ ಹೇಗೆ ನಡೆದುಕೊಳ್ಳುತ್ತದೆ ಎಂದು ತಿಳಿಯಲು ಆ ತಾರೀಖಿಗೆ ಹೋಗಿ ನೋಡಿದರೆ ಸಾಕು. ಒಂದು ನಿಮಿಷದ ಕೆಲಸ.

ಈ ಹೊಂದಾಣಿಕೆಯಿಂದ ನಾನೂ ಪೆಟ್ಟು ತಿಂದಿದ್ದೇನೆ. ಬೆಲೆ ಇಳಿದಾಗಲೆಲ್ಲ ಎಲ್ಲಿಂದ ಮತ್ತೆ ಏರುತ್ತದೆ ಎಂದು ತೋರಿಸಲು ಎಳೆದು ಎರಡು ವರ್ಷ ಕಾಪಾಡಿಕೊಂಡು ಬಂದಿದ್ದ ಬೆಂಬಲದ ಗೆರೆಯೊಂದು ಬೋನಸ್ ಆದ ಮರುದಿನ ಬೆಲೆಗಿಂತ ಇಮ್ಮಡಿ ಎತ್ತರದಲ್ಲಿ ನೇತಾಡುತ್ತಿತ್ತು. ತಂತ್ರಾಂಶ ಬೆಲೆಗಳನ್ನು ಹೊಂದಿಸಿತ್ತು, ನನ್ನ ಗೆರೆಯನ್ನು ಹೊಂದಿಸಿರಲಿಲ್ಲ. ಅದೇ ಗೆರೆಗೆ ಕಟ್ಟಿದ್ದ ಎಚ್ಚರಿಕೆಯ ಗಂಟೆಯೂ ಬೆಳಗ್ಗೆ ಪೇಟೆ ತೆರೆದ ಕ್ಷಣ ಬಾರಿಸಿತು. ಅಂದಿನಿಂದ ಬೋನಸ್ ದಿನಾಂಕ ಘೋಷಣೆಯಾದ ಕೂಡಲೇ ಆ ಷೇರಿನ ಗೆರೆಗಳ ಬೆಲೆಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ನನ್ನ ಅಭ್ಯಾಸವಾಗಿದೆ.

ದಿನಕ್ಕೆ 375 ನಿಮಿಷ

ನಮ್ಮ ಷೇರುಪೇಟೆಯ ವಹಿವಾಟು ಬೆಳಗ್ಗೆ 9:15ಕ್ಕೆ ಆರಂಭವಾಗಿ ಮಧ್ಯಾಹ್ನ 3:30ಕ್ಕೆ ಮುಗಿಯುತ್ತದೆ. ಒಟ್ಟು 375 ನಿಮಿಷ. ಈ ಸಂಖ್ಯೆಯನ್ನು 60ರಿಂದ ಭಾಗಿಸಿದರೆ ಆರು ಪೂರ್ತಿ ಗಂಟೆ ಮತ್ತು 15 ನಿಮಿಷದ ತುಂಡು ಉಳಿಯುತ್ತದೆ. ಕ್ಯಾಂಡಲ್ ಎಂದರೆ ಒಂದು ಅವಧಿಯ ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯ ಬೆಲೆಗಳನ್ನು ಒಟ್ಟಿಗೆ ತೋರಿಸುವ ಕಂಬ. ಗಂಟೆಯ ಕ್ಯಾಂಡಲ್ ಹಾಕಿಕೊಂಡು ನೋಡುವವರ ಚಾರ್ಟಿನಲ್ಲಿ ದಿನದ ಏಳನೆಯ ಕ್ಯಾಂಡಲ್ ಕಾಲು ಗಂಟೆಯದು, ಆದರೆ ಅಗಲದಲ್ಲಿ ಉಳಿದವಕ್ಕೆ ಸಮ. ಸರಾಸರಿ ಹಾಕುವಾಗ ಅದಕ್ಕೂ ಪೂರ್ತಿ ಗಂಟೆಯಷ್ಟೇ ತೂಕ. ಗಡಿಯಾರದ ಗಂಟೆಗೆ ಸರಿಯಾಗಿ ಕತ್ತರಿಸುವ ತಂತ್ರಾಂಶದಲ್ಲಿ ಮೊದಲನೆಯ ಕ್ಯಾಂಡಲ್ 9:15ರಿಂದ 10ರವರೆಗಿನ 45 ನಿಮಿಷದ್ದು, ಕೊನೆಯದು ಅರ್ಧ ಗಂಟೆಯದು. ಇಬ್ಬರು ಗೆಳೆಯರು ಒಂದೇ ಷೇರಿನ ಒಂದೇ "ಗಂಟೆಯ ಚಾರ್ಟ್" ನೋಡುತ್ತಾ ಬೇರೆ ಬೇರೆ ಆಕಾರಗಳ ಬಗ್ಗೆ ಜಗಳವಾಡುವುದಕ್ಕೆ ಇದೊಂದೇ ಸಾಕು.

ಪರಿಹಾರ ಸುಲಭ. 375ನ್ನು 75ರಿಂದ ಭಾಗಿಸಿದರೆ ಸರಿಯಾಗಿ ಐದು, 125ರಿಂದ ಮೂರು, 25ರಿಂದ ಹದಿನೈದು. ನಮ್ಮ ಪೇಟೆಗೆ ಗಂಟೆಗಿಂತ 75 ನಿಮಿಷದ ಕ್ಯಾಂಡಲ್ ಒಪ್ಪುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವಧಿಯನ್ನು ನಾವೇ ಬರೆಯಲು ಬಿಡುವ ತಂತ್ರಾಂಶ ನಿಮ್ಮದಾಗಿದ್ದರೆ ಇಂದೇ ಹಾಕಿಕೊಂಡು ನೋಡಿ.

ಎಲ್ಲ ದಿನಗಳೂ ಒಂದೇ ಉದ್ದದವೂ ಅಲ್ಲ. 2020ರ ಮಾರ್ಚ್ 23ರಂದು ಸೂಚ್ಯಂಕ ಶೇ 10ರ ಮಿತಿ ದಾಟಿದ್ದರಿಂದ ವಹಿವಾಟು 45 ನಿಮಿಷ ನಿಂತಿತ್ತು. 2021ರ ಫೆಬ್ರುವರಿ 24ರಂದು ಎನ್‌ಎಸ್‌ಇಯಲ್ಲಿ ತಾಂತ್ರಿಕ ತೊಂದರೆಯಾಗಿ 11:40ಕ್ಕೆ ನಿಂತ ವಹಿವಾಟು ಸಂಜೆ 3:45ಕ್ಕೆ ಮತ್ತೆ ಶುರುವಾಗಿ 5 ಗಂಟೆಯವರೆಗೆ ನಡೆಯಿತು. "3:30ಕ್ಕೆ ದಿನ ಮುಗಿಯಿತು" ಎಂದು ಗಟ್ಟಿಯಾಗಿ ಬರೆದಿಟ್ಟ ತಂತ್ರಾಂಶವಾದರೆ ಆ ಒಂದೂಕಾಲು ಗಂಟೆಯನ್ನೇ ಕತ್ತರಿಸಿಬಿಡುತ್ತದೆ. ದೀಪಾವಳಿಯ ಒಂದು ಗಂಟೆಯ ಮುಹೂರ್ತ ವಹಿವಾಟಿಗೂ ದಿನದ ಚಾರ್ಟಿನಲ್ಲಿ ಇಡೀ ದಿನದ ಕ್ಯಾಂಡಲ್ ಸಿಗುತ್ತದೆ. ಅದರ ಪ್ರಮಾಣ ಕಡಿಮೆ ಇರುವುದನ್ನು ನೋಡಿ ಆಸಕ್ತಿ ಬತ್ತಿತು ಎಂದುಕೊಳ್ಳಬಾರದು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಕುಳಿತು ಊರಿನ ಷೇರು ನೋಡುವ ಕನ್ನಡಿಗರು ಚಾರ್ಟಿನ ಸಮಯವನ್ನು "ವಿನಿಮಯ ಕೇಂದ್ರದ ಸಮಯ"ಕ್ಕೆ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ನಮ್ಮ 9:15 ಅವರಿಗೆ ಚಳಿಗಾಲದಲ್ಲಿ ಹಿಂದಿನ ರಾತ್ರಿ 10:45, ಬೇಸಿಗೆಯಲ್ಲಿ 11:45 ಆಗಿ, ಒಂದೇ ವಹಿವಾಟಿನ ದಿನ ಎರಡು ತಾರೀಖುಗಳಿಗೆ ಹಂಚಿಹೋಗುತ್ತದೆ.

ಇನ್ನು ದಿನದ ಮುಕ್ತಾಯ ಬೆಲೆ. ಕೊನೆಯ ಕ್ಷಣದಲ್ಲಿ ನಡೆದ ವಹಿವಾಟಿನ ಬೆಲೆಯೇ ಅದು ಎಂದು ಬಹಳ ಮಂದಿ ತಿಳಿದಿದ್ದಾರೆ. ನಮ್ಮಲ್ಲಿ ಬಹುಕಾಲದಿಂದ ಬಂದ ಪದ್ಧತಿಯಲ್ಲಿ ಅಧಿಕೃತ ಮುಕ್ತಾಯ ಬೆಲೆ ಎಂದರೆ ಕೊನೆಯ ಅರ್ಧ ಗಂಟೆಯ ವಹಿವಾಟಿನ, ಪ್ರಮಾಣಕ್ಕೆ ತಕ್ಕ ತೂಕ ಕೊಟ್ಟ ಸರಾಸರಿ. ಆದ್ದರಿಂದಲೇ ಐದು ನಿಮಿಷದ ಚಾರ್ಟಿನ ಕೊನೆಯ ಕ್ಯಾಂಡಲ್ ಒಂದು ಬೆಲೆಗೆ ಮುಗಿದರೆ ದಿನದ ಚಾರ್ಟ್ ಇನ್ನೊಂದು ಬೆಲೆಗೆ ಮುಗಿಯಬಹುದು. ಎರಡೂ ತಪ್ಪಲ್ಲ.

ಅಳತೆಗೋಲು

2024ರ ಜೂನ್ 4ರಂದು, ಲೋಕಸಭೆ ಚುನಾವಣೆಯ ಮತ ಎಣಿಕೆಯ ದಿನ, ಸೆನ್ಸೆಕ್ಸ್ ಸುಮಾರು 4,390 ಅಂಶ ಬಿದ್ದಿತು. 2020ರ ಮಾರ್ಚ್ 23ರಂದು ಬಿದ್ದದ್ದು ಸುಮಾರು 3,935 ಅಂಶ. 1992ರ ಏಪ್ರಿಲ್ 28ರಂದು, ಹರ್ಷದ್ ಮೆಹ್ತಾ ಹಗರಣ ಸ್ಫೋಟಿಸಿದಾಗ, ಬರೀ 570. ಸಾಧಾರಣ ಚಾರ್ಟಿನಲ್ಲಿ 2024ರ ಕ್ಯಾಂಡಲ್ ಎಲ್ಲಕ್ಕಿಂತ ಉದ್ದ, 1992ರದ್ದು ಕಣ್ಣಿಗೇ ಬೀಳದು. ಶೇಕಡಾವಾರು ಲೆಕ್ಕ ಹಾಕಿದರೆ 2024ರದ್ದು ಶೇ 5.74, 2020ರದ್ದು ಶೇ 13.15, 1992ರದ್ದು ಶೇ 12.77. ಒಬ್ಬ ಹೂಡಿಕೆದಾರನ ಮನೆಗೆ ತಟ್ಟಿದ ಪೆಟ್ಟನ್ನು ಅಳೆಯುವುದು ಈ ಎರಡನೆಯ ಲೆಕ್ಕ.

ತಂತ್ರಾಂಶದಲ್ಲಿ "ಲಾಗ್" ಎಂಬ ಗುಂಡಿ ಇರುವುದು ಇದಕ್ಕೇ. ಅದನ್ನು ಒತ್ತಿದರೆ 100ರಿಂದ 200ಕ್ಕೆ ಏರಿದ್ದೂ 1,000ದಿಂದ 2,000ಕ್ಕೆ ಏರಿದ್ದೂ ತೆರೆಯ ಮೇಲೆ ಒಂದೇ ಎತ್ತರ ಪಡೆಯುತ್ತವೆ. ಐದು ವರ್ಷಕ್ಕಿಂತ ಉದ್ದದ ಯಾವ ಚಾರ್ಟನ್ನೂ ನಾನು ಲಾಗ್ ಅಳತೆಯಿಲ್ಲದೆ ನೋಡುವುದಿಲ್ಲ. ದಿನದೊಳಗಿನ ಚಾರ್ಟಿಗೆ ಇದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಆದರೆ ಒಂದು ಎಚ್ಚರ: ಸಾಧಾರಣ ಅಳತೆಯಲ್ಲಿ ಎಳೆದ ಓರೆ ಗೆರೆ ಲಾಗ್ ಅಳತೆಯಲ್ಲಿ ಬೇರೆ ಬೆಲೆಗಳನ್ನು ದಾಟಿಹೋಗುತ್ತದೆ. ಗೆರೆ ಮುರಿಯಿತೋ ಇಲ್ಲವೋ ಎಂಬ ಉತ್ತರವೇ ಬದಲಾಗಬಹುದು.

ಒಂದೇ ಆರ್‌ಎಸ್‌ಐ, ಎರಡು ಉತ್ತರ

ಹೊಸಬರು ತಂತ್ರಾಂಶ ತಯಾರಕರಿಗೆ ಹೆಚ್ಚಾಗಿ ಬರೆಯುವ ದೂರು ಇದೇ ಇರಬೇಕು: "ನಿಮ್ಮ ಆರ್‌ಎಸ್‌ಐ ತಪ್ಪು, ಇನ್ನೊಂದು ಕಡೆ ಬೇರೆ ತೋರಿಸುತ್ತಿದೆ." ಆರ್‌ಎಸ್‌ಐ ಎಂದರೆ ಈಚಿನ ಏರಿಕೆ ಇಳಿಕೆಗಳಲ್ಲಿ ಯಾವುದರ ಬಲ ಹೆಚ್ಚು ಎಂದು ಅಳೆಯುವ ಸಂಖ್ಯೆ. ಈ ಸೂಚಕವನ್ನು ಜೆ. ವೆಲ್ಸ್ ವೈಲ್ಡರ್ 1978ರಲ್ಲಿ ಲೋಕಕ್ಕೆ ಕೊಟ್ಟಾಗ ಏರಿಕೆ ಇಳಿಕೆಗಳನ್ನು ಸರಾಸರಿ ಮಾಡಲು ತಮ್ಮದೇ ವಿಧಾನ ಬಳಸಿದರು: 14 ಅವಧಿಗಳ ಆರ್‌ಎಸ್‌ಐನಲ್ಲಿ ಹೊಸ ಕ್ಯಾಂಡಲ್‌ಗೆ ಹದಿನಾಲ್ಕರಲ್ಲಿ ಒಂದು ಪಾಲು, ಹಳೆಯ ಸರಾಸರಿಗೆ ಉಳಿದ ಹದಿಮೂರು ಪಾಲು. ಅಂದರೆ ಹಳೆಯದು ಎಂದಿಗೂ ಪೂರ್ತಿ ಮರೆಯಾಗುವುದಿಲ್ಲ, ಮಾಸುತ್ತಾ ಹೋಗುತ್ತದೆ. ಇನ್ನು ಕೆಲವರು ಬರೀ ಕಳೆದ 14 ಕ್ಯಾಂಡಲ್‌ಗಳ ಸರಳ ಸರಾಸರಿ ತೆಗೆದುಕೊಳ್ಳುತ್ತಾರೆ. ಎರಡಕ್ಕೂ ಹೆಸರು ಆರ್‌ಎಸ್‌ಐ, ಉತ್ತರ ಬೇರೆ.

ಸೂತ್ರ ಒಂದೇ ಆಗಿದ್ದರೂ ಉತ್ತರ ಬೇರೆಯಾಗಬಹುದು. ಹೊಸ ಬೆಲೆಗೆ ಹೆಚ್ಚು, ಹಳೆಯದಕ್ಕೆ ಕಡಿಮೆ ತೂಕ ಕೊಡುವ ಘಾತೀಯ ಸರಾಸರಿ, ಅಂದರೆ ಇಎಂಎ, ಎಲ್ಲೋ ಒಂದು ಕಡೆಯಿಂದ ಆರಂಭವಾಗಲೇಬೇಕು. 200 ಅವಧಿಗಳ ಇಎಂಎಯಲ್ಲಿ ಹೊಸ ಕ್ಯಾಂಡಲ್‌ನ ಪಾಲು ಬರೀ ಶೇ 1ರಷ್ಟು. ಆರಂಭದ ನಂತರ 200 ಕ್ಯಾಂಡಲ್ ಕಳೆದರೂ ಆರಂಭದ ಸಂಖ್ಯೆಯ ಪ್ರಭಾವ ಸುಮಾರು ಶೇ 13 ಉಳಿದಿರುತ್ತದೆ. ಮೊಬೈಲ್ ಆ್ಯಪ್ ದತ್ತಾಂಶ ಉಳಿಸಲೆಂದು ಕಡಿಮೆ ಇತಿಹಾಸವನ್ನು ತರಿಸಿಕೊಂಡು, ಕಂಪ್ಯೂಟರಿನದು ಹತ್ತು ವರ್ಷವನ್ನು ತರಿಸಿಕೊಂಡರೆ ಎರಡರ ಗೆರೆಗಳೂ ಒಂದರ ಮೇಲೊಂದು ಕೂರುವುದಿಲ್ಲ. ಚಾರ್ಟನ್ನು ಒಮ್ಮೆ ಎಡಕ್ಕೆ ಬಹಳ ದೂರ ಎಳೆದು ವಾಪಸು ಬನ್ನಿ. ಇಂದಿನ ಇಎಂಎ ಬದಲಾಗಿದ್ದರೆ ಕಾರಣ ಇದೇ.

ಬೆಲೆಗಳ ಸರಾಸರಿಯಿಂದ ಕಟ್ಟುವ ಹೈಕಿನ್ ಆಶಿ ಎಂಬ ಬಗೆಯ ಕ್ಯಾಂಡಲ್ ಬಳಸುವವರಿಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. 100ಕ್ಕೆ ತೆರೆದು, 110 ಮುಟ್ಟಿ, 98ಕ್ಕೆ ಇಳಿದು, 108ಕ್ಕೆ ಮುಗಿದ ದಿನದ ಹೈಕಿನ್ ಆಶಿ ಮುಕ್ತಾಯ ಈ ನಾಲ್ಕರ ಸರಾಸರಿ, 104. ಪೇಟೆ 108ರಲ್ಲಿ ನಿಂತಿರುವಾಗ ಚಾರ್ಟ್ 104 ಎನ್ನುತ್ತದೆ. ಕಣ್ಣಿಗೆ ನೆಮ್ಮದಿ ಕೊಡುವ ನುಣುಪು ಬಂದದ್ದು ಇಲ್ಲಿಂದಲೇ. ಈ ಬೆಲೆಗಳ ಮೇಲೆ ಹಳೆಯ ದತ್ತಾಂಶದಲ್ಲಿ ತಂತ್ರವನ್ನು ಪರೀಕ್ಷಿಸಿದರೆ, ಯಾರೂ ಯಾರಿಗೂ ಮಾರದ ಬೆಲೆಗೆ ಕೊಂಡಂತೆ ಲಾಭ ಬರುತ್ತದೆ.

ಇದಕ್ಕಿಂತ ಹೆಚ್ಚು ಹಣ ಕಳೆಯುವುದು, ನನ್ನ ಅನುಭವದಲ್ಲಿ, ಹಿಂದಕ್ಕೆ ಹೋಗಿ ತಮ್ಮ ಗುರುತನ್ನು ತಿದ್ದಿಕೊಳ್ಳುವ ಸೂಚಕಗಳು. ಜಿಗ್‌ಜ್ಯಾಗ್ ಗೆರೆ ಪ್ರತಿ ತಳವನ್ನೂ ಪ್ರತಿ ತುದಿಯನ್ನೂ ಕರಾರುವಾಕ್ಕಾಗಿ ಹಿಡಿದಂತೆ ಕಾಣುತ್ತದೆ. ಬೆಲೆ ಸಾಕಷ್ಟು ತಿರುಗಿದ ಮೇಲಷ್ಟೇ ಅದು ಹಿಂದಕ್ಕೆ ಹೋಗಿ ತಳಕ್ಕೆ ಗುರುತು ಹಾಕುತ್ತದೆ. ಆ ತಳದ ದಿನ ಅಲ್ಲಿ ಯಾವ ಗುರುತೂ ಇರಲಿಲ್ಲ. ಹದಿನೈದು ನಿಮಿಷದ ಚಾರ್ಟಿನಲ್ಲಿ ಅದೇ ದಿನದ ಮುಕ್ತಾಯ ಬೆಲೆಯನ್ನು ಬಳಸುವ ಸೂತ್ರವೂ ಹಾಗೆಯೇ: ಬೆಳಗಿನ 9:15ಕ್ಕೆ ಅದಕ್ಕೆ ಸಂಜೆಯ ಬೆಲೆ ಗೊತ್ತಿರುತ್ತದೆ. ಹಳೆಯ ಚಾರ್ಟಿನಲ್ಲಿ ಅದ್ಭುತವಾಗಿ ಕಾಣುವ ಸೂಚಕ ಸಿಕ್ಕರೆ ಎರಡು ವಾರ ದಿನವೂ ಅದರ ಚಿತ್ರ ತೆಗೆದಿಟ್ಟು, ಕೊನೆಯಲ್ಲಿ ಹೋಲಿಸಿ ನೋಡಿ. ನಿನ್ನೆಯ ಬಾಣದ ಗುರುತು ಇಂದು ಕಾಣೆಯಾಗಿದ್ದರೆ ಅದನ್ನು ತೆಗೆದುಹಾಕಿ. ಎಚ್ಚರಿಕೆಯ ಗಂಟೆಯನ್ನೂ ಕ್ಯಾಂಡಲ್ ಮುಗಿದ ಮೇಲೆ ಮಾತ್ರ ಬಾರಿಸುವಂತೆ ಇಡುವುದು ಲೇಸು. ನಡುವೆ ಗೆರೆ ದಾಟಿ ವಾಪಸು ಬಂದ ಬೆಲೆಯಿಂದ ಎಷ್ಟೋ ಸುಳ್ಳು ಗಂಟೆಗಳು ಬಾರಿಸುತ್ತವೆ.

ಕೇಳುವುದನ್ನು ಹೇಗೆ ಕೇಳಬೇಕು

ಹೊಸ ಸೌಲಭ್ಯ ಬೇಕೆಂದು ತಯಾರಕರಿಗೆ ಬರೆಯುವವರಲ್ಲಿ ಬಹಳ ಮಂದಿ ಒಂದೇ ಸಾಲು ಬರೆಯುತ್ತಾರೆ: "ಗಂಟೆಯ ಚಾರ್ಟ್ ಸರಿ ಮಾಡಿ." ಓದುವ ತಂತ್ರಜ್ಞನಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಬದಲಿಗೆ ಹೀಗೆ ಬರೆದು ನೋಡಿ: "ಎನ್‌ಎಸ್‌ಇ ಷೇರುಗಳಲ್ಲಿ ನಿಮ್ಮ ಗಂಟೆಯ ಕ್ಯಾಂಡಲ್ 9:00ಕ್ಕೆ ಆರಂಭವಾಗುತ್ತಿದೆ. ಹಾಗಾಗಿ ಮೊದಲ ಕ್ಯಾಂಡಲ್‌ನಲ್ಲಿ 45 ನಿಮಿಷದ ವಹಿವಾಟು ಮಾತ್ರ ಇದೆ. ಆರಂಭದ ಸಮಯವನ್ನು 9:15ಕ್ಕೆ ಇಡುವ ಆಯ್ಕೆ ಬೇಕು. ಇಂಥ ಷೇರು, ಇಂಥ ತಾರೀಖು, ನನಗೆ ಬರಬೇಕಾದ ನಾಲ್ಕು ಬೆಲೆಗಳು ಇವು, ನಿಮ್ಮಲ್ಲಿ ಬರುತ್ತಿರುವುದು ಇವು." ಇಂಥ ಪತ್ರವನ್ನು ಕೈಗೆತ್ತಿಕೊಂಡವನು ಅದೇ ಮಧ್ಯಾಹ್ನ ಕೆಲಸ ಶುರುಮಾಡಬಹುದು.

ಕೇಳುವ ಮೊದಲು, ನಾವು ಕೇಳುತ್ತಿರುವುದು ಲೆಕ್ಕವೋ ದತ್ತಾಂಶವೋ ಎಂದು ಯೋಚಿಸಬೇಕು. ಹೊಸ ಸರಾಸರಿ, ಹೊಸ ಅವಧಿ, ಬಣ್ಣದ ಆಯ್ಕೆ ಇವೆಲ್ಲ ಲೆಕ್ಕ ಮತ್ತು ಚಿತ್ರಣದ ಕೆಲಸ. ಒಬ್ಬ ತಂತ್ರಜ್ಞನ ಸಮಯ ಸಾಕು. ಪ್ರತಿಯೊಂದು ವಹಿವಾಟಿನ ವಿವರ, ಹತ್ತು ವರ್ಷ ಹಿಂದಿನ ನಿಮಿಷದ ಬೆಲೆ ಇವು ದತ್ತಾಂಶ. ವಿನಿಮಯ ಕೇಂದ್ರಕ್ಕೆ ಶುಲ್ಕ ಕಟ್ಟಬೇಕು, ಪರವಾನಗಿ ಬೇಕು, ಇಟ್ಟುಕೊಳ್ಳಲು ಜಾಗ ಬೇಕು. ಸಾಮಾನ್ಯ ಬ್ರೋಕರ್ ಆ್ಯಪ್‌ಗಳಿಗೆ ಬರುವುದು ಪ್ರತಿ ವಹಿವಾಟೂ ಅಲ್ಲ, ಕ್ಷಣಕ್ಷಣಕ್ಕೆ ತೆಗೆದ ಬೆಲೆಯ ತುಣುಕು. ಒಂದು ನಿಮಿಷದ ಕ್ಯಾಂಡಲ್‌ನ ತುದಿ ಎರಡು ಆ್ಯಪ್‌ಗಳಲ್ಲಿ ಐದು ಪೈಸೆ ಹೆಚ್ಚುಕಡಿಮೆ ಬರುವುದು ಇದರಿಂದ. ಅದನ್ನು ದೋಷವೆಂದು ಪದೇಪದೇ ಬರೆದು ಪ್ರಯೋಜನವಿಲ್ಲ.

ನಾನು ಕೇಳುತ್ತಲೇ ಇರುವ ಕೆಲವು ಸೌಲಭ್ಯಗಳಿವೆ. ಬೋನಸ್, ಸೀಳಿಕೆ, ಲಾಭಾಂಶ, ಹೋಳಾದ ದಿನಗಳಿಗೆ ಚಾರ್ಟಿನ ತಳದಲ್ಲಿ ಗುರುತು ಇರಬೇಕು. ಅದರ ಮೇಲೆ ಬೆರಳಿಟ್ಟರೆ ಎಷ್ಟರಿಂದ ಭಾಗಿಸಲಾಗಿದೆ ಎಂಬ ಸಂಖ್ಯೆ ಕಾಣಬೇಕು. ಬೆಲೆ ಹೊಂದಿಸಿದಾಗ ನಮ್ಮ ಗೆರೆ ಮತ್ತು ಎಚ್ಚರಿಕೆಯ ಗಂಟೆಗಳೂ ಜೊತೆಗೇ ಹೊಂದಬೇಕು. ಹೊಂದಿಸಿದ ಬೆಲೆಯನ್ನು ಎರಡು ದಶಮಾಂಶಕ್ಕೆ ಮೊಟಕುಗೊಳಿಸಬಾರದು: ಮಾವನ ಇನ್ಫೊಸಿಸ್ ಒಂಬತ್ತು ಪೈಸೆಯಿಂದ ಹತ್ತು ಪೈಸೆಗೆ ಹೋದರೆ ಅದೇ ಶೇ 11ರ ಜಿಗಿತ, ನಡುವೆ ನಡೆದದ್ದೆಲ್ಲ ಮೆಟ್ಟಿಲಾಗಿಬಿಡುತ್ತದೆ. ಕೆಂಪು ಹಸಿರು ಗುರುತಿಸಲಾಗದವರಿಗೆ ಏರಿಕೆಯ ಕ್ಯಾಂಡಲ್ ಟೊಳ್ಳಾಗಿ, ಇಳಿಕೆಯದು ತುಂಬಿದಂತೆ ತೋರಿಸುವ ಆಯ್ಕೆ ಮೊದಲ ತೆರೆಯಲ್ಲೇ ಇರಬೇಕು. ಬಣ್ಣಕ್ಕೆ ಜಗತ್ತಿನಾದ್ಯಂತ ಒಂದೇ ಅರ್ಥವೂ ಇಲ್ಲ. ಚೀನಾ, ಜಪಾನ್‌ಗಳ ಪೇಟೆಯಲ್ಲಿ ಕೆಂಪು ಎಂದರೆ ಏರಿಕೆ.

ವಹಿವಾಟಿನ ಪ್ರಮಾಣವನ್ನು ಮಿಲಿಯನ್‌ಗಳಲ್ಲಿ ಓದಿ ಮನಸ್ಸಿನಲ್ಲೇ ಲಕ್ಷಕ್ಕೆ ಬದಲಿಸಿಕೊಳ್ಳುವ ಕಷ್ಟವನ್ನು ನಾವು ಯಾಕೆ ಪಡಬೇಕು? ಲಕ್ಷ, ಕೋಟಿಗಳಲ್ಲಿ ಬರೆಯುವುದು, ಅಲ್ಪವಿರಾಮವನ್ನು ನಮ್ಮ ಕ್ರಮದಲ್ಲಿ ಹಾಕುವುದು ದೊಡ್ಡ ಕೆಲಸವಲ್ಲ. ಕನ್ನಡದ ಟಿಪ್ಪಣಿಯೂ ಅಷ್ಟೇ. ಕೆಲವು ಹಳೆಯ ತಂತ್ರಾಂಶಗಳಲ್ಲಿ ಚಾರ್ಟಿನ ಮೇಲೆ ಕನ್ನಡದಲ್ಲಿ ಬರೆದರೆ ಒತ್ತಕ್ಷರ ಬಿಡಿಬಿಡಿಯಾಗಿ ಉದುರುತ್ತದೆ. ನಾನು ಬಳಸುವ ಒಂದು ತಂತ್ರಾಂಶದವರಿಗೆ "ಲಾಭಾಂಶ", "ಮುಕ್ತಾಯ", "ಇನ್ಫೊಸಿಸ್" ಈ ಮೂರು ಪದಗಳ ಚಿತ್ರ ಕಳಿಸಿ, ಹೇಗೆ ಬರಬೇಕು, ಹೇಗೆ ಬರುತ್ತಿದೆ ಎಂದು ಅಕ್ಕಪಕ್ಕ ಇಟ್ಟು ತೋರಿಸಿದೆ. ಮುಂದಿನ ಆವೃತ್ತಿಯಲ್ಲಿ ಸರಿಯಾಗಿ ಬಂತು.

ಮಾವ ಹೊರಡುವ ಮೊದಲು ಆ ಚಾರ್ಟಿನ ಎಡ ತುದಿಯಲ್ಲಿ ಅವರಿಂದಲೇ ಒಂದು ಟಿಪ್ಪಣಿ ಬರೆಸಿದೆ. ಎರಡು ಬೆರಳಲ್ಲಿ ನಿಧಾನವಾಗಿ ಟೈಪ್ ಮಾಡಿದರು: "ಇಲ್ಲಿ ನಾನು 95 ರೂಪಾಯಿ ಕೊಟ್ಟಿದ್ದೆ."